ನಾಟಕಶಾಲೆಗೆ ಬೇಕಾದ ಯಜಮಾನ

ನಂದಿದುರ್ಗವೆಂದೊಡನೆ ಹೊರಗಿನ ವಾಚಕರ ಮನಸ್ಸು ಚಿಕ್ಕಬಳ್ಳಾಪುರದ ಬಳಿಯ ಗಿರಿದುರ್ಗದ ಕಡೆಗೆ ಹರಿಯುವುದು ಸಹಜ. ಕೋಲಾರದ ಚಿನ್ನದ ಗಣಿಯವರಿಗಾದರೋ ಆ ಹೆಸರು ಬೆಟ್ಟದ್ದಲ್ಲ, ಪಾತಾಳದ್ದು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳಲ್ಲಿ ಅದೂ ಒಂದು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಈ ಪ್ರದೇಶದಲ್ಲಿ ಕೆಲಸಕ್ಕೆ ಕೈಹಾಕಿದರು. ೧೮೯೪ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುಹಾದಿ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಾರಿಕೆಯು ನಿಂತೇ ಹೋಯಿತು. ಇಂದು ಅಲ್ಲಿ ಕಣ್ಣಿಗೆ ಕಾಣುವುದು ಸೈನೈಡು ಮಣ್ಣಿನ ಗುಡ್ಡಗಳು, ಮತ್ತು ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹಿಡಿದು ದುಡಿಮೆಗೆ ಹೋಗಿ ರಾತ್ರಿ ಮನೆ ಸೇರುವ ಸಾವಿರಾರು ಮಂದಿ.

ಚಿನ್ನವು ಹೋಯಿತು, ಜನರು ಉಳಿದರು. ಉಳಿದ ಜನರಿಗೆ ಅನ್ನ ಮತ್ತು ಕೆಲಸ ಮೊದಲು ಬೇಕೆಂಬುದನ್ನು ನಾವು ಬಲ್ಲೆವು. ಆದರೆ ಊರು ಊರಾಗಿ ಉಳಿಯಬೇಕಾದರೆ ಜನರು ಸಂಜೆಯ ವೇಳೆ ಒಂದೆಡೆ ಕುಳಿತು ಒಟ್ಟಿಗೆ ನಗುವ, ಒಟ್ಟಿಗೆ ಕಣ್ಣೀರಿಡುವ ಒಂದು ಸ್ಥಳವೂ ಬೇಕು. ಅಂಥ ಸ್ಥಳವನ್ನು ನಮ್ಮ ಹಿರಿಯರು ನಾಟಕಶಾಲೆ ಎಂದು ಕರೆಯುತ್ತಿದ್ದರು. ಗಣಿಯ ಊರಿಗೂ ಬಂಗಾರಪೇಟೆಗೂ ಒಳ್ಳೆಯ ನಾಟಕಶಾಲೆ ಬೇಕೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಬೇಡಿಕೆಯೆಂದೇ ನಾವು ಹೇಳುವೆವು. ಆದರೆ ಅದರೊಡನೆ ಮತ್ತೊಂದು ಮಾತನ್ನೂ ಹೇಳದಿದ್ದರೆ ನಮ್ಮ ಕರ್ತವ್ಯದಲ್ಲಿ ಲೋಪವಾದೀತು. ಗೋಡೆ ಎಬ್ಬಿಸಿ ಪರದೆ ಕಟ್ಟಿದ ಮಾತ್ರಕ್ಕೆ ನಾಟಕಶಾಲೆಯಾಗುವುದಿಲ್ಲ. ಅದನ್ನು ನಡೆಯಿಸುವ ಯಜಮಾನನು ಬೇಕು. ಆತನಿಲ್ಲದ ರಂಗಮಂದಿರವು ಮದುವೆ, ಸಭೆ, ಸನ್ಮಾನಗಳ ಛತ್ರವಾಗಿ ಬಿಡುವುದನ್ನು ನಾಡಿನ ಅನೇಕ ಊರುಗಳಲ್ಲಿ ನಮ್ಮ ವಾಚಕರೇ ಕಂಡಿದ್ದಾರೆ.

ನಟನನ್ನು ನಾವು ಬಲ್ಲೆವು, ಕವಿಯನ್ನು ಕೊಂಡಾಡುವೆವು, ಸಂಗೀತಗಾರನಿಗೆ ಶಾಲು ಹೊದಿಸುವೆವು. ಆದರೆ ತಿಂಗಳ ಮೊದಲನೆಯ ದಿನ ಸಂಬಳವನ್ನು ಎಣಿಸಿಕೊಡುವವನು, ಮುಂದಿನ ಕ್ಯಾಂಪಿಗೆ ಊರನ್ನು ಗೊತ್ತುಮಾಡುವವನು, ಮಳೆ ಬಂದರೆ ತಗಡು ಸೋರದಂತೆ ನೋಡಿಕೊಳ್ಳುವವನು, ಜ್ವರ ಬಂದ ಹುಡುಗನಿಗೆ ಗಂಜಿ ಮಾಡಿಸುವವನು ಯಾರೆಂದು ನಾವು ವಿಚಾರಿಸುವುದಿಲ್ಲ. ರಂಗದ ಮೇಲೆ ದೀಪ ಬೀಳುವುದು ನಟನ ಮುಖದ ಮೇಲೆ. ಆ ದೀಪಕ್ಕೆ ಹಣ ಕಟ್ಟಿದವನು ಕತ್ತಲಲ್ಲಿರುತ್ತಾನೆ. ಈ ಎರಡು ಪಾತ್ರಗಳನ್ನೂ ಒಂದೇ ಜೀವನದಲ್ಲಿ ನಿರ್ವಹಿಸಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿ ಬಾಳಿದ್ದರು. ಅವರೇ ಗುಬ್ಬಿ ವೀರಣ್ಣನವರು.

ವೀರಣ್ಣನವರು ಜನಿಸಿದುದು ೧೮೯೧ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, ಎಂದರೆ ೧೮೮೪ರಲ್ಲಿಯೇ, ಆ ಊರಿನ ಉತ್ಸಾಹಿಗಳು ಶ್ರೀ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಮಂಡಲಿಯನ್ನು ಕಟ್ಟಿದ್ದರು. ಬಾಲಕ ವೀರಣ್ಣನು ಮಕ್ಕಳ ಪಾತ್ರಗಳ ಮೂಲಕ ಅದರೊಳಕ್ಕೆ ಕಾಲಿಟ್ಟನು. ಶಾಲೆಯ ಪಾಠಕ್ಕಿಂತ ಹೆಚ್ಚಾಗಿ ರಂಗದ ಪಾಠವೇ ಅವನಿಗೆ ದೊರೆಯಿತು. ಮುಂದೆ ಹಾಸ್ಯ ಪಾತ್ರಗಳಲ್ಲಿ, ಅದರಲ್ಲಿಯೂ 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ, ಅವರು ಗಳಿಸಿದ ಕೀರ್ತಿಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನಾವು ಎತ್ತಿ ಹೇಳಬೇಕೆಂದಿರುವ ಸಂಗತಿಯು ಬೇರೆ. ೧೯೧೭ರ ಸುಮಾರಿಗೆ ಕಂಪನಿಯ ಒಡೆತನವು ಅವರ ಕೈಗೆ ಬಂದಿತು. ಆಗ ಅವರಿಗೆ ಇಪ್ಪತ್ತಾರು ವಯಸ್ಸು. ಜನರನ್ನು ನಗಿಸುತ್ತಿದ್ದ ನಟನು ಅಂದಿನಿಂದ ಜನರನ್ನು ಸಾಕತಕ್ಕ ಯಜಮಾನನಾದನು.

ಆ ಕಾಲದ ವೃತ್ತಿ ನಾಟಕ ಕಂಪನಿಯೆಂದರೆ ಏನೆಂಬುದನ್ನು ಇಂದಿನ ತರುಣರು ಊಹಿಸಿಕೊಳ್ಳಬೇಕು. ಅದೊಂದು ಸಂಚರಿಸುವ ಊರು. ನಟನಟಿಯರು, ಅವರ ಸಂಸಾರಗಳು, ಮೇಷ್ಟರು, ಹಾರ್ಮೋನಿಯಂ ಮತ್ತು ತಬಲೆಯವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡಿಗೆಯವರು, ಗೇಟು ಕಾಯುವವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಬಿಡಾರದಲ್ಲಿ ಮಲಗುತ್ತಿದ್ದರು. ಒಂದು ಊರಿನಲ್ಲಿ ಕೆಲವು ತಿಂಗಳು ಮೊಕ್ಕಾಂ. ಬಳಿಕ ಪರದೆ ಪೆಟ್ಟಿಗೆಗಳೆಲ್ಲ ರೈಲು ವ್ಯಾಗನ್ನಿಗೆ. ಹೊಸ ಊರಿನಲ್ಲಿ ಬಯಲನ್ನು ಬಾಡಿಗೆಗೆ ಹಿಡಿದು ಗಳುವಿನಿಂದಲೂ ತಗಡಿನಿಂದಲೂ ಥಿಯೇಟರು ಕಟ್ಟಬೇಕು. ಪುರಸಭೆಯ ಅನುಮತಿ, ಪೊಲೀಸಿನ ಪರವಾನಗಿ ಪಡೆಯಬೇಕು. ಜಟಕಾ ಗಾಡಿಯಲ್ಲಿ ವಾದ್ಯ ಬಾರಿಸಿ ಹ್ಯಾಂಡ್‌ಬಿಲ್ಲು ಹಂಚಬೇಕು. ನೆಲ, ಬೆಂಚು, ಕುರ್ಚಿಗಳಿಗೆ ದರ ಗೊತ್ತುಮಾಡಬೇಕು. ಕುರ್ಚಿಯ ಸಾಲಿನಲ್ಲಿ ಟಿಕೆಟ್ಟಿಲ್ಲದೆ ಪಾಸಿನ ಮೇಲೆ ಕುಳಿತುಕೊಳ್ಳುವ ದೊಡ್ಡ ಮನುಷ್ಯರನ್ನು ನಗುಮುಖದಿಂದಲೇ ಬರಮಾಡಿಕೊಳ್ಳಬೇಕು. ಅಧಿಕಾರಿ ವರ್ಗದ ವಾಚಕರು ಈ ಕೊನೆಯ ಮಾತಿಗೆ ನಮ್ಮನ್ನು ಕ್ಷಮಿಸಬೇಕು. ಹೆಚ್ಚಾಗಿ ಆಟದ ಖರ್ಚು ಹುಟ್ಟುತ್ತಿದ್ದುದು ನೆಲದ ಮೇಲೆ ಕುಳಿತು ಕಾಸು ಕೊಟ್ಟವನಿಂದಲೇ ಹೊರತು ಪಾಸಿನವರಿಂದಲ್ಲ.

ಈ ಸಂಚಾರಿ ಊರನ್ನು ವೀರಣ್ಣನವರು ದಶಕಗಳ ಕಾಲ ಆಳಿದರು. ಒಳ್ಳೆಯ ನಟನೊಬ್ಬನ ಬೆನ್ನಿಗೆ ಹುಟ್ಟಿ, ಅವನ ಕಂಠ ಒಡೆದೊಡನೆಯೇ ಅಥವಾ ಸಾಲಗಾರರು ಬಾಗಿಲು ತಟ್ಟಿದೊಡನೆಯೇ ಮುಳುಗಿದ ಕಂಪನಿಗಳು ನಮ್ಮ ನಾಡಿನಲ್ಲಿ ಎಷ್ಟೋ ಉಂಟು. ಗುಬ್ಬಿಯ ಕಂಪನಿಯು ಹಾಗೆ ಮುಳುಗದಿದ್ದುದಕ್ಕೆ ನಮ್ಮ ತಿಳಿವಿನ ಮಟ್ಟಿಗೆ ಮೂರು ಕಾರಣಗಳುಂಟು. ಮೊದಲನೆಯದು, ಅವರು ಪ್ರೇಕ್ಷಕನನ್ನು ಅಲ್ಪನೆಂದು ತಿಳಿಯಲಿಲ್ಲ. ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತನು ಕೊಟ್ಟ ಕಾಸಿಗೆ ಕಣ್ತುಂಬ ಕಾಣಬೇಕೆಂಬುದು ಅವರ ಹಟ. ಬಿ. ಪುಟ್ಟಸ್ವಾಮಯ್ಯನವರು ಬರೆದುಕೊಟ್ಟ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಇದನ್ನು ಬರಿಯ ಆಡಂಬರವೆಂದು ಜರೆದವರೂ ಇದ್ದಾರೆ. ಆನೆಗೆ ಮೇವು, ಮಾವುತನಿಗೆ ಕೂಲಿ, ಅದು ನಿಲ್ಲುವ ಹಲಗೆಗೆ ಬಲ, ಜನಕ್ಕೆ ಅಪಾಯವಾಗದಂತೆ ಕಾವಲು ಇವೆಲ್ಲವನ್ನೂ ಲೆಕ್ಕಹಾಕಿ ಆಟದ ಮೇಲೆ ಆಟ ನಡೆಯಿಸುವುದು ಎಂಥ ಆಡಳಿತ ಕೌಶಲವೆಂಬುದನ್ನು ಜರೆಯುವವರು ಯೋಚಿಸಿದಂತೆ ತೋರುವುದಿಲ್ಲ.

ಎರಡನೆಯದು, ಅವರು ಭಾಷೆಯನ್ನು ಗೋಡೆಯಾಗಿ ಮಾಡಲಿಲ್ಲ. ಕನ್ನಡದ ಕಂಪನಿಯು ತೆಲುಗು ನಾಡಿಗೂ ತಮಿಳು ನಾಡಿಗೂ ಹೋಯಿತು. ಅಲ್ಲಿಯ ಜನರ ಭಾಷೆಯಲ್ಲಿಯೂ ಆಡಿತು. 'ಕರ್ನಾಟಕಾಂಧ್ರ ನಾಟಕ ಸಾರ್ವಭೌಮ'ರೆಂಬ ಬಿರುದು ಅವರಿಗೆ ಸಂದುದು ಈ ಕಾರಣದಿಂದಲೇ. ಇದರಿಂದ ಕನ್ನಡಕ್ಕೆ ಕುಂದುಂಟಾಯಿತೇ? ಎಂದಿಗೂ ಇಲ್ಲ. ನೆರೆಯವರ ಅಂಗಳದಲ್ಲಿ ಗೌರವ ಗಳಿಸಿ ಬಂದ ಕಂಪನಿಗೆ ಸ್ವಂತ ನಾಡಿನಲ್ಲಿ ಬೆಲೆ ಹೆಚ್ಚಿತು.

ಮೂರನೆಯದು, ಮತ್ತು ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಅವರು ಮನುಷ್ಯರನ್ನು ಬೆಳೆಸಿದರು. ಸ್ತ್ರೀ ಪಾತ್ರಗಳನ್ನು ಗಂಡಸರೇ ಆಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಮರ್ಯಾದೆಯ ಸ್ಥಾನವನ್ನು ಕಲ್ಪಿಸಿದರು. ಬಿ. ಜಯಮ್ಮನವರ ಹೆಸರು ನಾಡೆಲ್ಲ ಹರಡಿದುದು ಈ ಕಂಪನಿಯಿಂದ. ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಮೊದಲಾದವರು ಇಲ್ಲಿಯ ಅನ್ನವುಂಡವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರು. ಅವರ ಮಗ ಮುತ್ತುರಾಜನೂ ತಂದೆಯ ಹಿಂದೆಯೇ ಬಂದನು. ೧೯೫೪ರಲ್ಲಿ ವೀರಣ್ಣನವರ ಸಂಸ್ಥೆಯ ಸಹಯೋಗದಿಂದ 'ಬೇಡರ ಕಣ್ಣಪ್ಪ' ಚಿತ್ರವು ತಯಾರಾದಾಗ ಆ ಹುಡುಗನೇ ನಾಯಕನಾಗಿ, ರಾಜಕುಮಾರನೆಂಬ ಹೆಸರಿನಿಂದ ಕನ್ನಡಿಗರ ಮನೆಮಾತಾದನು.

ಮತ್ತೊಬ್ಬ ಹುಡುಗನ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ದಕ್ಷಿಣ ಕನ್ನಡದ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ ೧೯೨೯ರಲ್ಲಿ ಹುಟ್ಟಿದ ಬಿ. ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿದರು. ಹುಡುಗನಲ್ಲಿ ವಿದ್ಯೆಯ ಹಸಿವನ್ನು ಕಂಡ ವೀರಣ್ಣನವರು ಅವರನ್ನು ಕಾಶಿಗೆ ಕಳುಹಿಸಿ ಓದಿಸಿದರು. ಚೆನ್ನಾಗಿ ಹಾಡುವ, ಚೆನ್ನಾಗಿ ನಟಿಸುವ ಹುಡುಗನನ್ನು ಯಾವ ಕಂಪನಿಯ ಯಜಮಾನನಾದರೂ ಕಟ್ಟಿಹಾಕಿಕೊಳ್ಳಲು ನೋಡುವನು. ಇವರಾದರೋ ಬಿಟ್ಟುಕೊಟ್ಟರು. ಆ ಹುಡುಗನು ಮುಂದೆ ೧೯೭೭ರಿಂದ ೧೯೮೧ರವರೆಗೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದನು. ಭೋಪಾಲದ ಭಾರತ ಭವನದಲ್ಲಿ ರಂಗಮಂಡಲವನ್ನು ಕಟ್ಟಿದನು. ೧೯೮೯ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮೊದಲನೆಯ ನಿರ್ದೇಶಕನಾದನು. ತಗಡಿನ ಥಿಯೇಟರಿನ ಯಜಮಾನರೊಬ್ಬರು ಕೊಟ್ಟ ರೈಲು ಖರ್ಚಿನ ಫಲವು ಇಷ್ಟು ದೂರ ಹೋಯಿತು. ಲಾಭನಷ್ಟದ ಪುಸ್ತಕದಲ್ಲಿ ಇದನ್ನು ಯಾವ ಬಾಬಿಗೆ ಬರೆಯುವುದು?

ವೀರಣ್ಣನವರಿಗೆ ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ೧೯೭೨ರಲ್ಲಿ ಪದ್ಮಶ್ರೀಯೂ ಸಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರು. ಕಾಯಕವೆಂಬ ಮಾತಿಗೆ ನಮ್ಮ ನಾಡಿನಲ್ಲಿರುವ ತೂಕವನ್ನು ಬಲ್ಲವರಿಗೆ ಆ ಹೆಸರೇ ಅವರ ಜೀವನದ ಸಾರಾಂಶವನ್ನು ಹೇಳುತ್ತದೆ. ಅವರ ಪಾಲಿಗೆ ಕಲೆಯು ವಿರಾಮದ ವಿಲಾಸವಲ್ಲ, ಬೆವರು ಸುರಿಸಿ ಮಾಡತಕ್ಕ ದುಡಿಮೆ.

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿಯ ಕಾಲವೇ ಸ್ವರ್ಗವಾಗಿತ್ತೆಂದು ನಾವು ವಾದಿಸುವುದಿಲ್ಲ. ಕಂಪನಿಯ ಪದ್ಧತಿಯಲ್ಲಿ ಎಲ್ಲವೂ ಒಬ್ಬ ಯಜಮಾನನ ಆಯುಸ್ಸಿನ ಮೇಲೆ, ಅವನ ಒಳ್ಳೆಯ ಮನಸ್ಸಿನ ಮೇಲೆ ನಿಂತಿತ್ತು. ನಟನಿಗೆ ನಿವೃತ್ತಿ ವೇತನವಿರಲಿಲ್ಲ. ಧ್ವನಿ ಹೋದ ಮುದುಕನಿಗೆ ಆಧಾರವಿರಲಿಲ್ಲ. ಒಡೆಯನು ಕೆಟ್ಟವನಾದರೆ ಕಲಾವಿದನು ಮುಂಗಡದ ಸಾಲಕ್ಕೆ ಸಿಕ್ಕಿ ಜೀತದವನಂತೆ ಬಾಳಬೇಕಾಗಿತ್ತು. ಸಿನಿಮಾ ಬಂದ ಮೇಲೆ ಒಂದೊಂದಾಗಿ ಕಂಪನಿಗಳು ಮುಚ್ಚಿದವು. ಒಬ್ಬ ಮನುಷ್ಯನ ಮೇಲೆ ಕಟ್ಟಿದ ಮನೆಯು ಆ ಮನುಷ್ಯನಿಗಿಂತ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದುದರಿಂದಲೇ ಸ್ವತಂತ್ರ ಭಾರತದಲ್ಲಿ ಅಕಾಡೆಮಿಗಳೂ ರಂಗಾಯಣಗಳೂ ಸರ್ಕಾರದ ರಂಗಮಂದಿರಗಳೂ ಬಂದುದು ಸರಿಯಾಗಿಯೇ ಇದೆ.

ಆದರೆ ಒಂದು ದೋಷವನ್ನು ಕಳೆಯಲು ಹೋಗಿ ನಾವು ಮತ್ತೊಂದನ್ನು ತಂದುಕೊಂಡೆವು. ಕಂಪನಿಗೆ ಯಜಮಾನನಿದ್ದನು, ಸಂಸ್ಥೆಯಿರಲಿಲ್ಲ. ಇಂದು ಸಂಸ್ಥೆಯಿದೆ, ಯಜಮಾನನಿಲ್ಲ. ಸರ್ಕಾರಿ ರಂಗಮಂದಿರದ ಬೀಗದ ಕೈಯು ಇಲಾಖೆಯ ಒಬ್ಬ ಗುಮಾಸ್ತೆಯ ಬಳಿಯಲ್ಲಿರುತ್ತದೆ; ಆತನಿಗೆ ಬೇರೆ ಹತ್ತು ಕೆಲಸಗಳು. ದೀಪ ಕೆಟ್ಟರೆ ಪತ್ರ ಬರೆಯಬೇಕು. ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ನಾಟಕದ ಕಾಲವೇ ಕಳೆದಿರುತ್ತದೆ. ಕಲಾಸಂಸ್ಥೆಗಳ ಮುಖ್ಯಸ್ಥರ ನೇಮಕವಾದರೋ ಮಂತ್ರಿಮಂಡಲದೊಡನೆ ಬರುತ್ತದೆ, ಮಂತ್ರಿಮಂಡಲದೊಡನೆ ಹೋಗುತ್ತದೆ. ಯಾವ ಪಕ್ಷದವರು ಬಂದರೂ ಈ ರೂಢಿಯನ್ನು ಬಿಟ್ಟುದನ್ನು ನಾವು ಕಾಣೆವು. ಬಿತ್ತಿದವನನ್ನು ಕೊಯ್ಲಿಗೆ ಮುಂಚೆ ಹೊಲದಿಂದ ಕಳುಹಿಸುವ ಒಕ್ಕಲುತನವು ಎಲ್ಲಿಯಾದರೂ ಉಂಟೇ?

ಯೋಗ್ಯನಾದ ಆಡಳಿತಗಾರನು ದೊರೆತಲ್ಲಿ ಇಂದಿಗೂ ನಾಟಕವು ನಡೆಯುತ್ತದೆಂಬುದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ಮನ್ನು ಬೆಳೆಸಿ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ತಿರುಗಾಟವನ್ನೂ ಆರಂಭಿಸಿದರು. ಅಡಿಕೆ ತೋಟದ ಊರಿಗೆ ಸಾಧ್ಯವಾದುದು ರೈಲು ನಿಲ್ದಾಣಗಳುಳ್ಳ ಗಣಿಯ ಊರಿಗೆ ಅಸಾಧ್ಯವೇ? ಬೆಂಗಳೂರಿನಲ್ಲಿ ೨೦೦೪ರಲ್ಲಿ ಅರುಂಧತಿ ನಾಗ್ ಅವರ ಶ್ರಮದಿಂದ ತೆರೆದ ರಂಗಶಂಕರದಲ್ಲಿ ಗಂಟೆ ಬಾರಿಸಿದ ಮೇಲೆ ಬಂದವರಿಗೆ, ಅವರು ಎಷ್ಟೇ ದೊಡ್ಡವರಾಗಿರಲಿ, ಬಾಗಿಲು ತೆರೆಯುವುದಿಲ್ಲ. ಈ ಒಂದು ಸಣ್ಣ ನಿಯಮದಿಂದ ಪ್ರೇಕ್ಷಕರಲ್ಲಿ ಹುಟ್ಟಿದ ಶಿಸ್ತು ನೂರು ಸನ್ಮಾನಗಳಿಂದ ಹುಟ್ಟಲಾರದು. ಕೋಲಾರ ಜಿಲ್ಲೆಯಲ್ಲಿಯೇ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಸಂಗಡಿಗರೂ ಕಟ್ಟಿದ ಆದಿಮವು ಹುಣ್ಣಿಮೆಯ ಬೆಳಕಿನಲ್ಲಿ ಹಾಡನ್ನೂ ನಾಟಕವನ್ನೂ ಹಳ್ಳಿಯ ಜನರಿಗೆ ತೋರಿಸಿತು. ದಿನವನ್ನು ಗೊತ್ತುಮಾಡಲು ಹ್ಯಾಂಡ್‌ಬಿಲ್ಲೇ ಬೇಡ, ಆಕಾಶವೇ ಸಾರುತ್ತದೆ. ಆಡಳಿತವೆಂದರೆ ಇಂಥ ಬುದ್ಧಿಯೇ ಹೊರತು ಬರಿಯ ಕಡತವಲ್ಲ.

ಈಗ ಗಣಿಯ ಊರಿನ ವಿಷಯಕ್ಕೆ ಮರಳೋಣ. ಇಲ್ಲಿಯ ನಾಟಕಶಾಲೆಗೆ ವೀರಣ್ಣನವರಂಥ ಯಜಮಾನನೊಬ್ಬನು ಬಂದನೆಂದು ಊಹಿಸಿಕೊಳ್ಳಿರಿ. ಆತನು ಮೊದಲು ಮಾಡುವುದೇನು? ಉದ್ಘಾಟನೆಯ ಕಲ್ಲನ್ನು ಕೆತ್ತಿಸುವುದಲ್ಲ. ಮಾರಿಕುಪ್ಪಂ ರೈಲಿನ ವೇಳಾಪಟ್ಟಿಯನ್ನು ತರಿಸಿ ನೋಡುವನು. ದುಡಿದು ಬರುವ ಜನರು ಮನೆ ಮುಟ್ಟಿ, ಮುಖ ತೊಳೆದು, ಎರಡು ತುತ್ತು ಉಂಡು ಬರುವಷ್ಟು ಹೊತ್ತು ಬಿಟ್ಟು ಆಟದ ವೇಳೆಯನ್ನಿಡುವನು. ಭಾನುವಾರ ಮಧ್ಯಾಹ್ನ ಸಂಸಾರಸ್ಥರಿಗೆಂದೇ ಒಂದು ಆಟವನ್ನಿಡುವನು. ಎರಡನೆಯದಾಗಿ, ಈ ಊರಿನ ಮನೆಗಳಲ್ಲಿ ಆಡುವ ಭಾಷೆಗಳನ್ನು ವಿಚಾರಿಸುವನು. ಉತ್ತರ ಆರ್ಕಾಟಿನಿಂದಲೂ ತೆಲುಗು ಸೀಮೆಯಿಂದಲೂ ಬಂದವರ ಮಕ್ಕಳು ಮೊಮ್ಮಕ್ಕಳು ತಲೆಮಾರುಗಳಿಂದ ಇಲ್ಲಿ ಬಾಳುತ್ತಿದ್ದಾರೆ. ಅವರ ತಾತಂದಿರು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಈ ರಾಜ್ಯದ ಬೊಕ್ಕಸವನ್ನು ತುಂಬಿಸಿದವರು. ೧೯೩೦ರ ಮುಷ್ಕರದಲ್ಲಿ ತಮ್ಮ ಮಾನಕ್ಕಾಗಿ ಒಟ್ಟಾಗಿ ನಿಂತವರು. ಅವರನ್ನು ಪರಕೀಯರೆಂದು ದೂರವಿಟ್ಟರೆ ಕನ್ನಡಕ್ಕೆ ಏನೂ ದಕ್ಕುವುದಿಲ್ಲ. ಒಂದು ವಾರ ತಮಿಳಿನ ಆಟವನ್ನೂ ಒಂದು ವಾರ ತೆಲುಗಿನ ಆಟವನ್ನೂ ತೋರಿಸಿ, ಅದೇ ಬೆಂಚಿನ ಮೇಲೆ ಮೂರನೆಯ ವಾರ ಕನ್ನಡದ ಆಟಕ್ಕೆ ಅವರನ್ನು ಕೂರಿಸಿದರೆ, ಗದರಿಸಿ ಕಲಿಸಲಾಗದ ಕನ್ನಡವನ್ನು ಅವರು ನಗುನಗುತ್ತ ಕಲಿಯುವರು. ಗಡಿನಾಡಿನಲ್ಲಿ ಕನ್ನಡವು ಬೆಳೆಯಬೇಕೆಂದು ಹಂಬಲಿಸುವ ನಮಗೆ ಇದಕ್ಕಿಂತ ನೇರವಾದ ದಾರಿಯು ತೋರುವುದಿಲ್ಲ.

ಮೂರನೆಯದಾಗಿ, ಆತನು ಊರಿನ ಹುಡುಗರನ್ನು ಹುಡುಕುವನು. ಗಣಿಯ ಊರಿನಲ್ಲಿ ಬಡಗಿಯ ಮಗನುಂಟು, ವಿದ್ಯುತ್ತಿನ ಕೆಲಸ ಬಲ್ಲವನುಂಟು, ಇಗರ್ಜಿಯಲ್ಲಿ ಹಾಡಿ ಕಂಠ ಪಳಗಿದವರುಂಟು, ಭಜನೆಯ ಮನೆಯಲ್ಲಿ ಮೃದಂಗ ನುಡಿಸುವವರುಂಟು. ಇವರಿಗೆಲ್ಲ ರಂಗದಲ್ಲಿ ಕೆಲಸವುಂಟು. ಅವರಲ್ಲಿ ಒಬ್ಬನಿಗೆ ಹೆಚ್ಚಿನ ವಿದ್ಯೆಯ ಯೋಗ್ಯತೆ ಕಂಡರೆ ಅವನನ್ನು ಹೆಗ್ಗೋಡಿಗೋ ಮೈಸೂರಿಗೋ ದಿಲ್ಲಿಗೋ ಕಳುಹಿಸುವನು. ಮರಳಿ ಬರದಿದ್ದರೂ ಹರಸುವನು.

ಇಂಥವರು ಆಕಾಶದಿಂದ ಇಳಿಯುವುದಿಲ್ಲವೆಂದು ಅಧಿಕಾರಿಗಳು ಹೇಳಬಹುದು. ನಿಜ. ಆದುದರಿಂದಲೇ ಅವರನ್ನು ತಯಾರಿಸಬೇಕು, ತಯಾರಾದವರನ್ನು ಇಟ್ಟುಕೊಳ್ಳಬೇಕು. ಸರ್ಕಾರದವರ ಮುಂದೆ ನಾವಿಡುವ ಸೂಚನೆಗಳು ನಾಲ್ಕು. ಪ್ರತಿಯೊಂದು ಜಿಲ್ಲೆಯ ರಂಗಮಂದಿರಕ್ಕೂ ರಂಗಶಿಕ್ಷಣವನ್ನೂ ಲೆಕ್ಕಪತ್ರವನ್ನೂ ಬಲ್ಲ ಒಬ್ಬ ವ್ಯವಸ್ಥಾಪಕನನ್ನು, ಸಂಸಾರ ನಡೆಯುವಷ್ಟು ಸಂಬಳದ ಮೇಲೆ, ನೇಮಿಸಬೇಕು; ಕೋಲಾರದ ಟಿ. ಚನ್ನಯ್ಯ ರಂಗಮಂದಿರದಿಂದಲೇ ಇದನ್ನು ಆರಂಭಿಸಿ ಗಣಿಯ ಊರಿಗೂ ಬಂಗಾರಪೇಟೆಗೂ ಅವನ ಕಾರ್ಯವ್ಯಾಪ್ತಿಯನ್ನು ವಿಸ್ತರಿಸಬಹುದು. ಆತನ ಅವಧಿಯು ಐದು ವರ್ಷಗಳಾಗಿರಬೇಕು. ತಪ್ಪು ಸಿದ್ಧವಾದ ಹೊರತು ಯಾವ ಮಂತ್ರಿಯೂ ಅದನ್ನು ಮೊಟಕುಗೊಳಿಸಕೂಡದು. ವರ್ಷಕ್ಕೊಮ್ಮೆ ಎಷ್ಟು ಆಟಗಳಾದವು, ಎಷ್ಟು ಜನ ಕಾಸು ಕೊಟ್ಟು ನೋಡಿದರು, ಎಷ್ಟು ಪಾಸುಗಳು ಹೋದವು ಎಂಬ ಲೆಕ್ಕವನ್ನು ಬಾಗಿಲಿಗೆ ಅಂಟಿಸಬೇಕು. ಕಡೆಯದಾಗಿ, ರಂಗಮಂದಿರದ ದಿನಗಳಲ್ಲಿ ಅರ್ಧವನ್ನಾದರೂ ಅಲ್ಪ ಬಾಡಿಗೆಗೆ ನಾಟಕಕ್ಕೆಂದೇ ಮೀಸಲಿಡಬೇಕು. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಹೊಸ ಕಟ್ಟಡವೊಂದಕ್ಕೆ ಸುರಿಯುವ ಹಣದ ಸ್ವಲ್ಪಾಂಶವೇ ಸಾಕು.

ಪುರಜನರ ಕರ್ತವ್ಯವೂ ಉಂಟು. ಪಾಸನ್ನು ಕೇಳುವುದನ್ನು ಬಿಟ್ಟು ಟಿಕೆಟ್ಟನ್ನು ಕೊಳ್ಳುವುದು ಅದರಲ್ಲಿ ಮೊದಲನೆಯದು. ವಕೀಲರು, ಉಪಾಧ್ಯಾಯರು, ವರ್ತಕರು, ಅಧಿಕಾರಿಗಳು ತಿಂಗಳಿಗೊಮ್ಮೆ ಸಂಸಾರಸಮೇತರಾಗಿ ಬಂದು ಕಾಸು ಕೊಟ್ಟು ಕುಳಿತರೆ, ಅದು ಹತ್ತು ಮನವಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡೀತು.

ನಂದಿದುರ್ಗದ ಗಣಿಯಲ್ಲಿ ಒಂದು ತೊಲ ಚಿನ್ನಕ್ಕಾಗಿ ರಾಶಿರಾಶಿ ಕಲ್ಲನ್ನು ಮೇಲಕ್ಕೆತ್ತಿ, ಪುಡಿಮಾಡಿ, ತೊಳೆದು, ಸೋಸಿದರು. ಅದಕ್ಕೆ ಬೇಕಾದ ಲೆಕ್ಕಗಾರರನ್ನೂ ಮೇಲ್ವಿಚಾರಕರನ್ನೂ ಇಂಜಿನಿಯರುಗಳನ್ನೂ ಸಮುದ್ರದಾಚೆಯಿಂದ ತರಿಸಿಕೊಂಡರು. ಆ ಚಿನ್ನದಲ್ಲಿ ಗಣಿಯ ಊರಿಗೆ ಉಳಿದುದೆಷ್ಟೆಂಬುದು ಎಲ್ಲರ ಕಣ್ಣ ಮುಂದೆಯೇ ಇದೆ. ಆದರೆ ಮನುಷ್ಯರೊಳಗಿನ ಚಿನ್ನವು ಇನ್ನೂ ಅಲ್ಲಿಯೇ ಇದೆ. ಅದನ್ನು ತೆಗೆಯಲು ಗುಬ್ಬಿಯ ವೀರಣ್ಣನವರು ಒಬ್ಬರೇ ಒಂದು ತಗಡಿನ ಥಿಯೇಟರಿನಿಂದ ಎಷ್ಟು ಸಾಧಿಸಿದರೆಂಬುದನ್ನು ನೋಡಿದ ಮೇಲೆಯೂ, ಸರ್ಕಾರವೂ ನಗರಸಭೆಯೂ ಪುರಸಭೆಯೂ ಕೈಕಟ್ಟಿ ಕುಳಿತರೆ ಅದಕ್ಕೆ ಹಣದ ಅಭಾವವನ್ನು ನೆಪವೊಡ್ಡುವುದು ಶೋಭಿಸದು. ಅಭಾವವಿರುವುದು ಮನಸ್ಸಿಗೆ. ಗಣಿಯ ಊರಿಗೆ ಮೊದಲು ಒಬ್ಬ ಯೋಗ್ಯನಾದ ಯಜಮಾನನನ್ನು ಕೊಡಿರಿ. ಆತನ ಹಿಂದೆ ನಾಟಕವು ಬರುವುದು, ನಾಟಕದ ಹಿಂದೆ ಜನರು ಬರುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.